ಖಾಲಿ ಬಡಾವಣೆಯಲ್ಲಿ ಕುದಿಯುತ್ತಿದ್ದ ಕಾರು

ನಾನು ಮೂವತ್ತೆರಡು ವರ್ಷ ಹಾಲು ತಣ್ಣಗಿಡುವ ಕೆಲಸ ಮಾಡಿದವನು. ಯಲಹಂಕದ ಆಚೆ ಒಂದು ಡೈರಿಯಲ್ಲಿ, ಹಳ್ಳಿಗಳಿಂದ ಬೆಚ್ಚಗೆ ಬರುತ್ತಿದ್ದ ಹಾಲನ್ನು ನಾಲ್ಕು ಡಿಗ್ರಿಗೆ ಇಳಿಸಿ ಟ್ಯಾಂಕಿಗೆ ಬಿಡುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ನಿವೃತ್ತನಾದ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ, ಹಾರ ಹಾಕಿ, ಒಂದು ಡಿಜಿಟಲ್ ಥರ್ಮಾಮೀಟರ್ ಕೊಟ್ಟು ಕಳಿಸಿದರು. ಮನೆಗೆ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಮೊದಲ ಕೆಲವು ವಾರ ಫ್ರಿಜ್ಜಿನೊಳಗೆ ಇಟ್ಟು ನೋಡಿದೆ. ಆಮೇಲೆ ಸ್ನಾನದ ನೀರಿಗೆ. ಕೊನೆಗೆ ಹೆಂಡತಿ ಬಗ್ಗಿಸಿಟ್ಟ ಕಾಫಿಗೆ.

“ರೀ, ಕಾಫಿ ಕುಡೀತೀರೋ, ಇಲ್ಲ ಅದಕ್ಕೆ ಜ್ವರ ಇದ್ಯಾ ನೋಡ್ತೀರೋ?” ಎಂದು ಅವಳು ಕೇಳಿದ ಮೇಲೆ ಥರ್ಮಾಮೀಟರನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡೆ. ಪೆನ್ನಿನ ಪಕ್ಕದಲ್ಲಿ ಅಲ್ಲೇ ಇರುತ್ತಿತ್ತು.

ಬೆಳಗಿನ ಹೊತ್ತು ಪುಟ್ಟೇನಹಳ್ಳಿ ಕೆರೆಯ ಕಡೆ ನಡೆಯಲು ಹೋಗುತ್ತಿದ್ದೆ. ಅಲ್ಲಿ ಒಬ್ಬರು ಪರಿಚಯವಾದರು. ಅರವತ್ತು ದಾಟಿದವರು. ಬಿಳಿ ಪಂಚೆ, ಬಿಳಿ ಅಂಗಿ, ಕಾಲಿಗೆ ಮಾತ್ರ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಓಟದ ಬೂಟು. ರಾಜಾನುಕುಂಟೆಯ ಆಚೆ ಅವರ ಹೊಲಗಳಿದ್ದವು. ಈಗ ಆ ಹೊಲಗಳಲ್ಲಿ ಅವರದೇ ಬಡಾವಣೆ. ಮನೆಯನ್ನು ನಮ್ಮ ಪಕ್ಕದ ರಸ್ತೆಯಲ್ಲಿ ಕಟ್ಟಿಸಿಕೊಂಡಿದ್ದರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು.

“ಸಾ, ನೀವು ಆಲಿನ ಡೈರೀಲಿ ಇದ್ರಂತೆ?”

“ಹೌದು.”

“ಕುದೀತಿರೋದನ್ನ ತಣ್ಣಗ್ ಮಾಡೋದು ನಿಮ್ ಕೆಲಸ ಅಲ್ವಾ?”

“ಕುದಿಯೋದನ್ನಲ್ಲ ಯಜಮಾನ್ರೇ, ಬೆಚ್ಚಗಿರೋದನ್ನ.”

“ಅದೇ ಬುಡಿ. ನಮ್ದೊಂದು ಐತೆ. ಎಷ್ಟ್ ಮಾಡಿದ್ರೂ ತಣ್ಣಗಾಗಾಕಿಲ್ಲ. ಬಂದ್ ನೋಡ್ಬೇಕು.”

ನಾನು ಹಾಲಿನ ಕೂಲರ್ ಇರಬೇಕೆಂದುಕೊಂಡೆ. ಅವರ ಅಕ್ಕ ಇನ್ನೂ ಹಸು ಕಟ್ಟಿದ್ದಾರೆಂದು ಕೇಳಿದ್ದೆ. ನಿವೃತ್ತಿಯಾದ ಮೇಲೆ ಮೊದಲ ಸಲ ಒಬ್ಬರು ನನ್ನ ಕೆಲಸ ಕೇಳಿಕೊಂಡು ಬಂದಿದ್ದರು. ನನಗಾದ ಸಂತೋಷವನ್ನು ಮುಚ್ಚಿಟ್ಟುಕೊಂಡು, “ನೋಡೋಣ, ನಾಳೆ ಬಿಡುವು ಮಾಡ್ಕೋತೀನಿ” ಎಂದೆ. ನನಗೆ ಬಿಡುವಿಲ್ಲದ ದಿನವೇ ಇರಲಿಲ್ಲ.

ಮರುದಿನ ಹೆಂಡತಿ ಸ್ವೆಟರ್ ಹಾಕಿಸಿ, ಮಂಕಿ ಟೋಪಿ ಹಾಕಿಸಿ ಕಳಿಸಿದಳು. ಯಜಮಾನರು ಜೀಪಿನಲ್ಲಿ ಕರೆದುಕೊಂಡು ಹೋದರು. ದೊಡ್ಡಬಳ್ಳಾಪುರದ ರಸ್ತೆ ಬಿಟ್ಟು ಒಳಗೆ ತಿರುಗಿದರೆ ದೊಡ್ಡ ಕಮಾನು. ಕಮಾನಿನ ಒಳಗೆ ಒಂದೇ ಒಂದು ಮನೆಯಿಲ್ಲದ ಊರು. ಕನ್ನಡಿಯಂಥ ಡಾಂಬರು ರಸ್ತೆ, ಕಪ್ಪು ಬಿಳಿ ಬಣ್ಣ ಬಳಿದ ಅಂಚುಗಲ್ಲು, ಬೀದಿ ದೀಪ, ಮಕ್ಕಳ ಉದ್ಯಾನದಲ್ಲಿ ಜಾರುಬಂಡೆ. ನಿವೇಶನ ಸಂಖ್ಯೆ ಬರೆದ ಕಲ್ಲುಗಳು ಸಾಲಾಗಿ ನಿಂತಿದ್ದವು. ಜನ ಮಾತ್ರ ಇಲ್ಲ. ಯಾವುದೋ ಕಾಗದಪತ್ರದ ತಕರಾರಿನಿಂದ ಎರಡು ವರ್ಷದಿಂದ ಒಂದು ಸೈಟೂ ಮಾರಾಟವಾಗಿಲ್ಲ, ಈಗಷ್ಟೇ ಸರಿಹೋಗಿದೆ ಎಂದು ಅವರು ದಾರಿಯಲ್ಲಿ ಹೇಳಿದ್ದರು.

ಒಂದು ಹಳೆಯ ದನದ ಕೊಟ್ಟಿಗೆಯ ಮುಂದೆ ಜೀಪು ನಿಂತಿತು. ಒಳಗೆ ಎಡಗಡೆ ಮೂರು ಸೀಮೆಹಸು ಮೆಲುಕು ಹಾಕುತ್ತಿದ್ದವು. ಬಲಗಡೆ, ಹಸುಗಳ ಹೊಟ್ಟೆಗಿಂತ ತಗ್ಗಾಗಿ, ನಿಂಬೆಹಣ್ಣಿನ ಹಳದಿಯ ಒಂದು ಸ್ಪೋರ್ಟ್ಸ್ ಕಾರು ಮಲಗಿತ್ತು. ಮಲಗಿತ್ತು ಎನ್ನದೆ ಬೇರೆ ಮಾತಿಲ್ಲ, ಅಷ್ಟು ತಗ್ಗು.

“ಇದೇ ಸಾ. ಕುದೀತದೆ.”

“ಯಜಮಾನ್ರೇ, ನಾನು ಸ್ಕೂಟರ್ ಓಡಿಸೋನು. ನನಗೆ ಕಾರ್ ಬಗ್ಗೆ ಏನೂ ಗೊತ್ತಿಲ್ಲ.”

“ಸಾವಿರಾರು ಲೀಟರ್ ಆಲು ತಣ್ಣಗ್ ಮಾಡಿದೋರಿಗೆ ಇದ್ಯಾವ ಲೆಕ್ಕ. ಇದರಾಗೆ ಇರೋದು ಒಂದ್ ಬಿಂದಿಗೆ ನೀರು.”

ಅವರು ಆ ಕಾರನ್ನು ಯಾರಿಂದಲೋ ಎರಡನೇ ಕೈಯಾಗಿ ಕೊಂಡಿದ್ದರಂತೆ. ಯಲಹಂಕದಿಂದ ಹೆಬ್ಬಾಳದ ಮೇಲ್ಸೇತುವೆವರೆಗೆ ನಾಲ್ಕು ಸಲ ಓಡಿಸಿದರು. ನಾಲ್ಕು ಸಲವೂ ಎರಡನೇ ಗೇರು ದಾಟಲಿಲ್ಲ. ಪಕ್ಕದಲ್ಲಿ ತಳ್ಳುಗಾಡಿಯ ಕಡಲೆಕಾಯಿಯವನು ಇವರನ್ನು ದಾಟಿಕೊಂಡು ಹೋದನಂತೆ. ಅಂದು ಮನೆಗೆ ಬಂದು ಕೂತು ಯೋಚಿಸಿದರು. ತಮ್ಮ ಹೊಲದಲ್ಲೇ ಇಷ್ಟು ಚೆನ್ನಾಗಿರುವ ರಸ್ತೆ ಖಾಲಿ ಬಿದ್ದಿರುವಾಗ ಹೆಬ್ಬಾಳಕ್ಕೆ ಯಾಕೆ ಹೋಗಬೇಕು?

“ಇದೇ ಒಲದಲ್ಲಿ ಮೂವತ್ತು ವರ್ಸ ಟ್ಯಾಕ್ಟ್ರು ಸುತ್ತಿಸಿದ್ದೀನಿ ಸಾ. ಎಲ್ಲಿ ತಿರುಗ್ಬೇಕು ಅಂತ ಕೈಗೇ ಗೊತ್ತು. ಈಗ ಅದೇ ಸುತ್ತು, ವಸಿ ಜೋರಾಗಿ.”

ನಾಲ್ಕು ಅಡ್ಡರಸ್ತೆಗಳನ್ನು ಸೇರಿಸಿ ಅವರು ಒಂದು ಸುತ್ತು ಮಾಡಿಕೊಂಡಿದ್ದರು. ಒಂದು ಮೂಲೆಗೆ ಹುಣಸೆಮರದ ತಿರುವು, ಇನ್ನೊಂದಕ್ಕೆ ಬೋರ್‌ವೆಲ್ ತಿರುವು, ಇನ್ನೊಂದಕ್ಕೆ ಉದ್ಯಾನದ ತಿರುವು ಎಂದು ಹೆಸರು. ಕಾರಿನ ಜೊತೆಗೆ ಎರಡು ಹೆಲ್ಮೆಟ್ಟೂ ಇಟ್ಟುಕೊಂಡಿದ್ದರು. ತಾವು ಒಂದನ್ನು ಹಾಕಿಕೊಂಡು, ಪಂಚೆ ಮೇಲೆ ಕಟ್ಟಿ, ಇನ್ನೊಂದನ್ನು ನನ್ನ ಮಂಕಿ ಟೋಪಿಯ ಮೇಲೇ ಒತ್ತಿ ಕೂರಿಸಿದರು. ಒಳಗೆ ಹೋಗುವುದು ನನಗೆ ಕಷ್ಟವಾಯಿತು. ಮೊದಲು ಕಾಲೋ ತಲೆಯೋ ತಿಳಿಯದೆ ಕೊನೆಗೆ ಹಿಂಭಾಗದಿಂದ ಬಿದ್ದುಕೊಂಡೆ.

ಆಮೇಲೆ ಆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಹಿಂದಿನಿಂದ ಯಾರೋ ಒದ್ದ ಹಾಗಾಯಿತು. ಹುಣಸೆಮರ ನಮ್ಮ ಕಡೆ ಓಡಿ ಬಂತು, ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಿತು. ಉದ್ದನೆಯ ನೇರ ರಸ್ತೆಯಲ್ಲಿ ಹುರುಳಿ ಹರವಿತ್ತು. ಅದರ ಮೇಲೇ ಹಾದೆವು. ಕಾರಿನ ಹೊಟ್ಟೆಯ ಕೆಳಗೆ ಸರಸರ ಎಂದಿತು. ರಸ್ತೆಯ ಪಕ್ಕ ಒಬ್ಬ ಮುದುಕಿ ಕೋಲು ಹಿಡಿದು ನಮ್ಮ ಕಡೆ ಬೀಸುತ್ತಿದ್ದರು.

“ಯಾರೋ ಬೈತಿದಾರೆ!” ಎಂದು ಕೂಗಿದೆ.

“ನಮ್ಮಕ್ಕ!” ಎಂದು ಯಜಮಾನರೂ ಕೂಗಿದರು. “ಬೈತಿಲ್ಲ, ವಸಿ ಎಡಕ್ಕೆ ಬಾ ಅಂತಾಳೆ!”

ಎರಡನೇ ಸುತ್ತಿನಲ್ಲಿ ಎಡಕ್ಕೆ ಹೋದೆವು. ಮೂರನೇ ಸುತ್ತಿನ ಹೊತ್ತಿಗೆ ಎದುರಿಗಿದ್ದ, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಎಚ್ಚರಿಕೆಯ ಗಂಟೆ ಬಾರಿಸಿತು. ಕಾರು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡು ಎತ್ತಿನ ಗಾಡಿಯ ಹಾಗಾಯಿತು. ಇಂಜಿನ್ ಸುಟ್ಟುಹೋಗಬಾರದೆಂದು ಅದು ತನ್ನನ್ನು ತಾನೇ ತಡೆದುಕೊಳ್ಳುವ ಏರ್ಪಾಡಂತೆ. ಬೋರ್‌ವೆಲ್ಲಿನ ಬಳಿ ನಿಲ್ಲಿಸಿ ಇಳಿದಾಗ ಮುಂದಿನಿಂದ ಹಬೆ ಬರುತ್ತಿತ್ತು.

ಯಜಮಾನರ ಚಿಕಿತ್ಸೆ ಆಗ ಶುರುವಾಯಿತು. ಬೋರ್‌ವೆಲ್ ತೊಟ್ಟಿಯಲ್ಲಿ ನೆನೆಹಾಕಿದ್ದ ನಾಲ್ಕು ಗೋಣಿಚೀಲ ತೆಗೆದು ಬಾನೆಟ್ಟಿನ ಮೇಲೆ ಹೊದಿಸಿದರು. ಕಾರು ಬಾಣಂತಿಯ ಹಾಗೆ ಕಾಣುತ್ತಿತ್ತು. ಹಿಂದೊಮ್ಮೆ ಒದ್ದೆ ಗೋಣಿ ಹೊದಿಸಿಕೊಂಡೇ ಓಡಿಸಲು ನೋಡಿದ್ದರಂತೆ. ಅದು ಗಾಳಿಗೆ ಹಾರಿ ಗಾಜಿಗೆ ಅಂಟಿಕೊಂಡು, ಏನೂ ಕಾಣದೆ ಜಾರುಬಂಡೆಯ ಬುಡದಲ್ಲಿ ಹೋಗಿ ನಿಂತಿದ್ದರು. ಇನ್ನೊಮ್ಮೆ ಮೀನಿನ ಅಂಗಡಿಯಿಂದ ಮಂಜುಗಡ್ಡೆ ತರಿಸಿ ಒಳಗೆ ಸಂದಿ ಸಂದಿಗೆ ತುಂಬಿದ್ದರು. ಮೂರು ದಿನ ಕಾರು ಮೀನು ನಾತ ಹೊಡೆಯಿತು, ಊರಿನ ಬೆಕ್ಕುಗಳೆಲ್ಲ ಬಂದು ಅದರ ಮೇಲೆ ಮಲಗಿದವು.

ಈಗ ಅವರು ಬಟ್ಟೆ ಸುತ್ತಿಕೊಂಡು ನೀರಿನ ಮುಚ್ಚಳಕ್ಕೆ ಕೈ ಹಾಕಲು ಹೊರಟರು. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ.

“ಮುಟ್ಟಬೇಡಿ! ಒಳಗೆ ಒತ್ತಡ ಇದೆ, ಮುಖಕ್ಕೇ ಹಾರುತ್ತೆ!”

ಅವರು ಕೈ ಹಿಂದೆಗೆದುಕೊಂಡರು. ಆ ಕೂಗಿನಿಂದ ನನಗೂ ಒಂದು ಧೈರ್ಯ ಬಂತು. ಇದು ನನಗೆ ಗೊತ್ತಿರುವ ವಿಷಯವೇ ಎಂದು ಆಗ ಹೊಳೆಯಿತು. ಡೈರಿಯಲ್ಲಿ ತೆಳ್ಳಗಿನ ತಗಡಿನ ಒಂದು ಕಡೆ ಹಾಲು ಹರಿಯುತ್ತಿತ್ತು, ಇನ್ನೊಂದು ಕಡೆ ತಣ್ಣೀರು. ಹಾಲಿನ ಬಿಸಿ ನೀರಿಗೆ ಹೋಗುತ್ತಿತ್ತು. ಇಲ್ಲಿ ಇಂಜಿನ್ನಿನ ಬಿಸಿ ನೀರಿಗೆ ಹೋಗುತ್ತದೆ, ನೀರಿನ ಬಿಸಿ ರೇಡಿಯೇಟರಿನಲ್ಲಿ ಗಾಳಿಗೆ ಹೋಗುತ್ತದೆ. ಹೊರಗಿನಿಂದ ಎಷ್ಟು ಗೋಣಿ ಹೊದಿಸಿದರೂ ಪ್ರಯೋಜನವಿಲ್ಲ. ಬಿಸಿ ಹೋಗಬೇಕಾದ ದಾರಿಯಲ್ಲಿ ಎಲ್ಲಿ ತಡೆಯಾಗಿದೆ ಎಂದು ನೋಡಬೇಕು.

ಥರ್ಮಾಮೀಟರ್ ತೆಗೆದೆ. ರೇಡಿಯೇಟರಿಗೆ ನೀರು ಹೋಗುವ ಕೊಳವೆಗೆ ತಾಗಿಸಿದೆ, ಹೊರಬರುವ ಕೊಳವೆಗೆ ತಾಗಿಸಿದೆ. ಎರಡೂ ಹತ್ತಿರ ಹತ್ತಿರ ಒಂದೇ ಬಿಸಿ. ಅಂದರೆ ನೀರು ರೇಡಿಯೇಟರಿನೊಳಗೆ ಹೋಗಿ, ಸುಮ್ಮನೆ ಒಂದು ಸುತ್ತು ಹಾಕಿ, ಬಿಸಿಬಿಸಿಯಾಗೇ ವಾಪಸು ಬರುತ್ತಿತ್ತು.

“ಇವತ್ತಿಗೆ ಒಂದು ಉಪಾಯ ಇದೆ” ಎಂದೆ. “ಕಾರೊಳಗೆ ಹೀಟರ್ ಇದೆಯಲ್ಲ, ಅದೂ ಒಂದು ಪುಟ್ಟ ರೇಡಿಯೇಟರೇ. ಅದನ್ನ ಪೂರ್ತಿ ಹಾಕಿಬಿಟ್ರೆ ಇಂಜಿನ್ನಿನ ಬಿಸಿ ಸ್ವಲ್ಪ ಈ ಕಡೆ ಬರುತ್ತೆ.”

“ಈ ಕಡೆ ಅಂದ್ರೆ ಎಲ್ಲಿಗೆ ಸಾ?”

“ನಮ್ಮ ಮೇಲೆ.”

ಇಂಜಿನ್ ಆರಿದ ಮೇಲೆ ಮತ್ತೆ ಹೊರಟೆವು. ಕಿಟಕಿ ಇಳಿಸೋಣವೆಂದರೆ ಹುರುಳಿಯ ದೂಳು. ಹೀಟರ್ ಪೂರ್ತಿ. ಪಾದದಿಂದ, ಎದೆಯ ಮುಂದಿನಿಂದ ಬೆಂಕಿಯಂಥ ಗಾಳಿ ಬೀಸಿತು. ಸ್ವೆಟರಿನೊಳಗೆ, ಮಂಕಿ ಟೋಪಿಯೊಳಗೆ, ಹೆಲ್ಮೆಟ್ಟಿನೊಳಗೆ ನಾನು ಬೇಯುತ್ತಿದ್ದೆ. ನನ್ನ ಕನ್ನಡಕಕ್ಕೆ ಹಬೆ ಕಟ್ಟಿ ಹುಣಸೆಮರ ಕಾಣದಾಯಿತು, ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಆದರೆ ಮುಳ್ಳು ನಿಂತಿತ್ತು! ಮೂರು ಸುತ್ತು ಹೋಗಿ ನಾಲ್ಕು ಸುತ್ತು ಆಯಿತು. ಯಜಮಾನರ ಮುಖದಿಂದ ನೀರು ಸುರಿಯುತ್ತಿತ್ತು, ಅವರು ನಗುತ್ತಿದ್ದರು. ಐದನೇ ಸುತ್ತಿನಲ್ಲಿ ಮತ್ತೆ ಗಂಟೆ ಬಾರಿಸಿತು.

ಮನೆಗೆ ಬಂದಾಗ ಹೆಂಡತಿ ನನ್ನ ಒದ್ದೆ ಅಂಗಿ ನೋಡಿ ಗಾಬರಿಯಾದಳು. ಹಾಲಿನ ಕೂಲರ್ ರಿಪೇರಿಗೆ ಹೋದವನು ಡಿಸೆಂಬರಿನಲ್ಲಿ ಬೆವರಿ ಬಂದಿದ್ದೆ.

“ಏನ್ ಕೆಟ್ಟಿತ್ತಂತೆ?”

“ಕಾರು. ರೇಸಿಗೆ ಓಡಿಸುತ್ತಾರೆ. ತಣ್ಣಗೆ ಮಾಡಬೇಕಂತೆ.”

ಅವಳು ಒಂದು ಟವೆಲ್ ತಂದು ಕೊಟ್ಟಳು. “ಸರಿ. ಫ್ರಿಜ್ಜಿನ ತಂಟೆಗೆ ಬರದೇ ಇದ್ರೆ ಸಾಕು” ಎಂದಳು.

ಮುಂದಿನ ಕೆಲಸ ನನ್ನೊಬ್ಬನಿಂದ ಆಗುವಂಥದ್ದಲ್ಲ. ಯಶವಂತಪುರದಲ್ಲಿ ಲಾರಿ ರೇಡಿಯೇಟರ್ ಮಾಡುವ ಒಬ್ಬ ಭಾಯ್ ನನಗೆ ಗೊತ್ತು. ಡೈರಿಯ ಹಾಲಿನ ಲಾರಿಗಳೆಲ್ಲ ಅವರ ಹತ್ತಿರವೇ ಹೋಗುತ್ತಿದ್ದವು. ಸೋರುವ ರೇಡಿಯೇಟರನ್ನು ಕೈಯಲ್ಲಿ ಎತ್ತಿ ನೋಡಿಯೇ ಎಲ್ಲಿ ತೂತೆಂದು ಹೇಳುವವರು. ಆರ್.ಟಿ. ನಗರದ ಮನೆಯಿಂದ ಅವರನ್ನು ಒಂದು ಭಾನುವಾರ ಬೆಳಿಗ್ಗೆ ಹೊರಡಿಸಿಕೊಂಡು ಬಂದೆ. ಕಾರು ನೋಡಿದವರೇ ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಸಾರ್, ಇದರ ಕೆಳಗೆ ಮಲಗೋಕೆ ಆಗಲ್ಲ. ಇದೇ ಮಲಗಿದೆ.”

ಮೊದಲು ಒಳಗಿನ ನೀರು ತೆಗೆದರು. ಕೆಂಪಗೆ, ಸಾರಿನ ಹಾಗಿತ್ತು.

“ಕೂಲೆಂಟ್ ಏನ್ ಹಾಕಿದ್ರಿ ಯಜಮಾನ್ರೇ?” ಎಂದು ನಾನು ಕೇಳಿದೆ.

“ಬೋರ್ ನೀರು. ಸಿಹಿ ನೀರು ಸಾ, ಕುಡಿದ್ ನೋಡಿ.”

ಅದೇ ನೀರಿನಿಂದ ಅವರ ಮನೆಯ ಗೀಸರ್ ವರ್ಷಕ್ಕೊಮ್ಮೆ ಸುಣ್ಣ ಕಟ್ಟಿ ಕೆಡುತ್ತಿತ್ತೆಂದು ಆಮೇಲೆ ತಿಳಿಯಿತು. ಭಾಯ್ ಎಲ್ಲವನ್ನೂ ತೊಳೆದು, ಸರಿಯಾದ ಕೂಲೆಂಟನ್ನು ಶುದ್ಧ ನೀರಿಗೆ ಬೆರೆಸಿ ತುಂಬಿದರು. ಆದರೂ ನನಗೆ ಸಮಾಧಾನವಾಗಲಿಲ್ಲ. ನೀರಿನ ಕಡೆ ಸರಿಯಾಯಿತು, ಗಾಳಿಯ ಕಡೆ?

ಇಂಜಿನ್ ಶುರು ಮಾಡಿಸಿ, ಒಳಗಿನ ಫ್ಯಾನ್ ತಿರುಗುವವರೆಗೆ ಕಾದೆ. ಅವತ್ತಿನ ದಿನಪತ್ರಿಕೆಯ ಒಂದು ಹಾಳೆ ತೆಗೆದು ಕಾರಿನ ಮುಂದಿನ ಜಾಲರಿಗೆ ಹಿಡಿದೆ. ಫ್ಯಾನ್ ಗಾಳಿ ಎಳೆಯುತ್ತಿದ್ದರೆ ಹಾಳೆ ಅಲ್ಲೇ ಅಂಟಿಕೊಂಡು ನಿಲ್ಲಬೇಕು. ಕೈ ಬಿಟ್ಟೆ. ಹಾಳೆ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಒಂದು ಹಸು ಕತ್ತು ಚಾಚಿ ಅದನ್ನು ತಿನ್ನತೊಡಗಿತು.

“ಗಾಳಿ ಹೋಗ್ತಾನೇ ಇಲ್ಲ” ಎಂದೆ. “ಮುಂದಿನ ಬಂಪರ್ ಬಿಚ್ಚಿ ಭಾಯ್.”

ಬಂಪರ್ ಬಿಚ್ಚಲು ಒಂದೂವರೆ ಗಂಟೆ ಹಿಡಿಯಿತು. ಏಸಿಯದು ಒಂದು ಜಾಲರಿ ಮುಂದೆ, ಅದರ ಹಿಂದೆ ರೇಡಿಯೇಟರ್, ನಡುವೆ ಎರಡು ಬೆರಳಿನಷ್ಟು ಸಂದಿ. ಭಾಯ್ ಸಂದಿಯೊಳಗೆ ಕೈ ತೂರಿಸಿ, ಮುಖ ಸಿಂಡರಿಸಿ, ಏನನ್ನೋ ಹಿಡಿದು ಎಳೆದರು. ಒಂದು ಉದ್ದನೆಯ, ಕಂದು ಬಣ್ಣದ, ಒತ್ತಾಗಿ ಹೆಪ್ಪುಗಟ್ಟಿದ ಪದರ ಹಾಸಿಗೆಯ ಹಾಗೆ ಈಚೆ ಬಂತು. ಎಳೆದಷ್ಟೂ ಬರುತ್ತಿತ್ತು.

“ಅರೆ ಅಲ್ಲಾ! ಸಾರ್, ಇದು ಕಾರಾ, ದಿಂಬಾ?”

ಮೂರೂ ಜನ ಅದನ್ನು ಬೆಳಕಿಗೆ ಹಿಡಿದು ನೋಡಿದೆವು. ಹುರುಳಿ ಹೊಟ್ಟು. ನಡುನಡುವೆ ರಾಗಿ ಹುಲ್ಲು, ಒಂದೆರಡು ಚಿಟ್ಟೆ. ಒಂದು ಮೂಲೆಯಲ್ಲಿ ಇಂಜಿನ್ನಿನ ಬಿಸಿಗೆ ಹುರಿದುಕೊಂಡ ಹುರುಳಿ ಕಾಳುಗಳೂ ಇದ್ದವು. ಯಜಮಾನರು ಒಂದು ಕಾಳು ಬಾಯಿಗೆ ಹಾಕಿಕೊಂಡು, “ಅದವಾಗಿ ಹುರಿದೈತೆ” ಎಂದರು.

“ನಗಬೇಡಿ ಯಜಮಾನ್ರೇ” ಎಂದರು ಭಾಯ್. “ಬೆಂಕಿ ಹತ್ತಿಲ್ಲ, ಅದೇ ದೊಡ್ಡದು. ಇದು ಒಳಗೆ ಹೆಂಗೆ ಬಂತು? ರೋಡಲ್ಲಿ ಏನಾದರೂ ಇರುತ್ತಾ?”

“ರೋಡಲ್ಲಾ? ಏನೂ ಇರಾಕಿಲ್ಲ. ಖಾಲಿ ಲೇಔಟು.”

ನಾನೂ “ಹೌದು, ನಾನೇ ಒಳಗೆ ಕೂತು ನೋಡಿದೀನಿ, ಏನೂ ಇಲ್ಲ” ಎಂದೆ.

ಭಾಯ್ ಕೊಟ್ಟಿಗೆಯ ಬಾಗಿಲಿಗೆ ಹೋಗಿ ಕೈ ಚಾಚಿ ತೋರಿಸಿದರು. ನೇರ ರಸ್ತೆಯ ಉದ್ದಕ್ಕೂ, ಅಂಚಿನಿಂದ ಅಂಚಿಗೆ, ಹುರುಳಿ ಗಿಡ ಹರವಿತ್ತು. ಅದರ ನಡುವೆ ಯಜಮಾನರ ಅಕ್ಕ ಕೋಲಿನಿಂದ ಗಿಡ ತಿರುವಿ ಹಾಕುತ್ತಿದ್ದರು.

ನಾನೂ ಈ ಸೀಮೆಯಲ್ಲೇ ಬೆಳೆದವನು. ಡಿಸೆಂಬರಿನಲ್ಲಿ ರಸ್ತೆಯ ಮೇಲೆ ರಾಗಿ, ಹುರುಳಿ ಇರುವುದು, ಬಸ್ಸು ಲಾರಿ ಅದರ ಮೇಲೆ ಹಾದು ಒಕ್ಕಣೆಯಾಗುವುದು ಹುಟ್ಟಿದಾಗಿನಿಂದ ಕಂಡದ್ದು. ಅದು ರಸ್ತೆಯ ಮೇಲಿರುವ ವಸ್ತು ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಅದು ರಸ್ತೆಯೇ ಎಂದುಕೊಂಡಿದ್ದೆ.

ಮೂವರೂ ಹೋಗಿ ಅಕ್ಕನ ಮುಂದೆ ನಿಂತೆವು. ಎಪ್ಪತ್ತರ ಮೇಲಿನ ವಯಸ್ಸು, ಕಡ್ಡಿಯಂಥ ದೇಹ, ತಲೆಗೆ ಟವೆಲ್ಲು ಸುತ್ತಿದ್ದರು. ಯಜಮಾನರು ಮಾತು ಶುರು ಮಾಡಲು ನನ್ನ ಮುಖ ನೋಡಿದರು.

“ಅಮ್ಮಾ,” ಎಂದೆ, “ಈ ಹೊಟ್ಟು ಹೋಗಿ ಕಾರಿನ ಉಸಿರು ಕಟ್ಟಿಬಿಟ್ಟಿದೆ. ಅದಕ್ಕೇ ಕುದೀತಿದೆ. ಹುರುಳಿನ ಬೇರೆ ಕಡೆ ಹರವೋಕಾಗುತ್ತಾ?”

“ಯಾಕ್ ಸ್ವಾಮಿ? ಈ ರೋಡು ಯಾರ್ ಜಮೀನಾಗೈತೆ?”

ನನಗೆ ಗೊತ್ತಿರಲಿಲ್ಲ. ಯಜಮಾನರು ನೆಲ ನೋಡುತ್ತಾ, “ಅಕ್ಕನ್ ಪಾಲಿಂದು” ಎಂದರು.

“ನಾನೇನ್ ಇವನ್ ಕಾರ್ನ ಕರೆದಿದ್ನಾ? ಇವನೇ ದಿನಾ ಸುತ್ತುತಿದ್ದ. ಎಲ್ಲೂ ಓಗಾಕಿಲ್ಲ, ಬರಾಕಿಲ್ಲ, ಸುಮ್ಕೆ ಸುತ್ತಾನೆ. ಸುತ್ತೋನು ಸುತ್ತಲಿ, ಕೆಳಗೆ ಹುರುಳಿಯಾದ್ರೂ ಇರ್ಲಿ ಅಂತ ಹರವ್ದೆ. ತಪ್ಪಾ?”

ಭಾಯ್, “ತಪ್ಪಿಲ್ಲಮ್ಮಾ” ಎಂದರು.

“ಅಕ್ಕಾ, ಅದು ರೇಸ್ ಕಾರು ಕಣಕ್ಕಾ” ಎಂದರು ಯಜಮಾನರು.

“ಇರಬೌದು. ಒಕ್ಕಣೆ ಏನ್ ಚೆನ್ನಾಗ್ ಮಾಡಾಕಿಲ್ಲ. ಅರ್ಧಕ್ಕರ್ಧ ಕಾಳು ಆ ಕಡೆ ಈ ಕಡೆ ಎಗರಿಸ್ತದೆ. ಟ್ಯಾಕ್ಟ್ರೇ ಮೇಲು.”

ಆ ಕಾರಿನ ಬಗ್ಗೆ ಅಷ್ಟು ನಿಷ್ಠುರವಾದ ಅಭಿಪ್ರಾಯವನ್ನು ಯಜಮಾನರು ಎಂದೂ ಕೇಳಿರಲಿಕ್ಕಿಲ್ಲ. ಅವರ ಮುಖ ಸಣ್ಣದಾಯಿತು. ಆದರೆ ದಾರಿ ಅಲ್ಲೇ ಸಿಕ್ಕಿತು. ಟ್ರ್ಯಾಕ್ಟರೇ ಮೇಲಾದರೆ ಟ್ರ್ಯಾಕ್ಟರನ್ನೇ ಓಡಿಸೋಣ ಎಂದೆ. ಅರ್ಧ ಗಂಟೆ ಮಾತಾಡಿ ಒಪ್ಪಂದವಾಯಿತು. ಬೆಳಿಗ್ಗೆ ಏಳರಿಂದ ಯಜಮಾನರು ಟ್ರ್ಯಾಕ್ಟರಿನಲ್ಲಿ ಹುರುಳಿ ಒಕ್ಕಬೇಕು. ಹತ್ತಕ್ಕೆ ಕಾಳು, ಹೊಟ್ಟು ಎತ್ತಿದ ಮೇಲೆ ರಸ್ತೆಯನ್ನು ಪೂರ್ತಿ ಗುಡಿಸಬೇಕು. ಗುಡಿಸುವುದು ಆಳುಗಳಲ್ಲ, ಕಾರಿನವರೇ. ಆಮೇಲೆ ಎಷ್ಟು ಬೇಕಾದರೂ ಸುತ್ತಬಹುದು. ಮತ್ತು ಅಕ್ಕನನ್ನು ಒಂದು ಸಲ ಕೂರಿಸಿಕೊಂಡು ಹೋಗಬೇಕು. ಈ ಕೊನೆಯ ಷರತ್ತನ್ನು ಅಕ್ಕ ಬೇರೆ ಕಡೆ ನೋಡುತ್ತಾ ಹೇಳಿದರು.

ಅಂದು ಮಧ್ಯಾಹ್ನದವರೆಗೆ ಭಾಯ್ ರೇಡಿಯೇಟರಿನ ತೆಳು ತಗಡಿನ ಎಲೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಸ್ವಚ್ಛ ಮಾಡಿದರು. ನಾನು ಸುತ್ತಲಿನ ಸಂದಿಗಳನ್ನು ಸ್ಪಂಜಿನ ಪಟ್ಟಿಯಿಂದ ಮುಚ್ಚಿದೆ. ಗಾಳಿ ಸೋಮಾರಿ. ಪಕ್ಕದಲ್ಲಿ ಸಂದಿ ಕಂಡರೆ ಅಲ್ಲಿಂದಲೇ ನುಸುಳಿಕೊಂಡು ಹೋಗುತ್ತದೆ, ರೇಡಿಯೇಟರಿನೊಳಗೆ ಹಾಯಬೇಕೆಂದರೆ ಬೇರೆ ದಾರಿಯಿಲ್ಲದಂತೆ ಮಾಡಬೇಕು. ಬಂಪರ್ ಹಾಕಿದ ಮೇಲೆ ಮತ್ತೊಂದು ಹಾಳೆ ಹಿಡಿದೆ. ಈ ಸಲ ಅದು ಪಟ್ಟೆಂದು ಅಂಟಿಕೊಂಡಿತು. ನಾನು ಹಾಳೆಯನ್ನು ಅಲ್ಲೇ ಬಿಟ್ಟು ಐದು ನಿಮಿಷ ಸುಮ್ಮನೆ ನೋಡುತ್ತಾ ನಿಂತೆ. ಡೈರಿಯಲ್ಲಿ ಹೊಸ ಯಂತ್ರ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಮುಂದಿನ ಭಾನುವಾರ ಪರೀಕ್ಷೆ. ಯಜಮಾನರು ಏಳಕ್ಕೇ ಟ್ರ್ಯಾಕ್ಟರ್ ಹತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಅವರು ಹೆಲ್ಮೆಟ್ ಹಾಕಿಕೊಂಡೇ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಯಾಕೆಂದು ಕೇಳಿದರೆ, “ಕಿವಿಗೆ ಬೆಚ್ಚಗಿರ್ತದೆ ಸಾ” ಎಂದರು. ಆಮೇಲೆ ನಾವಿಬ್ಬರೂ ಕಡ್ಡಿ ಪೊರಕೆ ಹಿಡಿದು ಗುಡಿಸಲು ನಿಂತೆವು. ರೇಸಿನ ರಸ್ತೆಯ ಉದ್ದ ಗೊತ್ತಾಗಬೇಕೆಂದರೆ ಅದನ್ನು ಗುಡಿಸಿ ನೋಡಬೇಕು. ಅಕ್ಕ ಹಿಂದೆ ಹಿಂದೆ ಬರುತ್ತಾ, ಉಳಿದ ಕಾಳು ತೋರಿಸಿ ಹೆಕ್ಕಿಸುತ್ತಿದ್ದರು.

ಕಾರು ಹೊರಟಿತು. ನಾನು ಒಳಗೆ ಕೂತು ಮುಳ್ಳು ನೋಡುತ್ತಿದ್ದೆ, ರಸ್ತೆ ನೋಡುವುದನ್ನು ಬಿಟ್ಟಿದ್ದೆ. ಮೂರು ಸುತ್ತು, ಮುಳ್ಳು ನಡುವಿನಲ್ಲಿ. ಐದು ಸುತ್ತು, ಕೂದಲೆಳೆಯಷ್ಟು ಮೇಲೆ. ಆರನೇ ಸುತ್ತಿನಲ್ಲಿ ಸ್ವಲ್ಪ ಏರಿತು.

“ಇನ್ನೊಂದು ಸುತ್ತು ನಿಧಾನಕ್ಕೆ ಹೋಗಿ. ಮೇಲಿನ ಗೇರಲ್ಲಿ, ಕಾಲು ಎತ್ತಿ” ಎಂದೆ.

“ಗೆಲ್ಲೋ ಟೈಮಾಗೆ ನಿಧಾನ ಅಂತೀರಲ್ಲ ಸಾ!”

“ಯಾರ ಮೇಲೆ ಗೆಲ್ಲೋದು ಯಜಮಾನ್ರೇ?”

ಅವರು ಹಿಂದೆ ಮುಂದೆ ನೋಡಿದರು. ಖಾಲಿ ಬಡಾವಣೆ. ಕಾಲು ಎತ್ತಿದರು. ಗಾಳಿ ತುಂಬಿ ಬರುತ್ತಿತ್ತು, ಇಂಜಿನ್ ಹಗುರಾಗಿತ್ತು, ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ಮತ್ತೆ ಮೂರು ಸುತ್ತು ಜೋರು, ಒಂದು ಸುತ್ತು ನಿಧಾನ. ಹಾಗೇ ಹನ್ನೊಂದು ಸುತ್ತು ಆಯಿತು. ಗಂಟೆ ಬಾರಿಸಲಿಲ್ಲ. ಕೊನೆಗೆ ಕೊಟ್ಟಿಗೆಯ ಮುಂದೆ ನಿಂತ ಕೂಡಲೇ ಅವರು ಕೀಲಿ ತಿರುಗಿಸಲು ಕೈ ಒಯ್ದರು, ನಾನು ಹಿಡಿದುಕೊಂಡೆ. ಓಡಿ ಬಂದ ಇಂಜಿನ್ನನ್ನು ತಟ್ಟನೆ ಆರಿಸಿದರೆ ಒಳಗಿನ ನೀರೂ ನಿಲ್ಲುತ್ತದೆ, ಬಿಸಿ ಅಲ್ಲೇ ಉಳಿದುಬಿಡುತ್ತದೆ. ಎರಡು ನಿಮಿಷ ಇಂಜಿನ್ ಹಾಗೇ ಓಡಲಿ ಎಂದೆ. ಆ ಎರಡು ನಿಮಿಷ ನಾವಿಬ್ಬರೂ ಮುಳ್ಳು ನೋಡುತ್ತಾ ಕೂತಿದ್ದೆವು. ಅವರ ಕಣ್ಣು ಒದ್ದೆಯಾಗಿದ್ದಂತೆ ಕಂಡಿತು. ಗುಡಿಸಿದ ದೂಳೂ ಇರಬಹುದು.

ಅಕ್ಕನ ಸರದಿ ಬಂತು. ಟವೆಲ್ಲಿನ ಮೇಲೆ ಹೆಲ್ಮೆಟ್ ಕೂರಲಿಲ್ಲ, ಟವೆಲ್ ತೆಗೆಯಲು ಅವರು ಒಪ್ಪಲಿಲ್ಲ. ಕೊನೆಗೆ ಟವೆಲ್ಲನ್ನು ಕತ್ತಿಗೆ ಸುತ್ತಿಕೊಂಡರು. ಆಶ್ಚರ್ಯವೆಂದರೆ ನನಗೆ ಅಷ್ಟು ಕಷ್ಟವಾಗಿದ್ದ ಆ ಸೀಟಿಗೆ ಅವರು ಜಗಲಿಯ ಮೇಲೆ ಕೂತಷ್ಟು ಸಲೀಸಾಗಿ ಕೂತರು.

ಅದೇ ಹೊತ್ತಿಗೆ ಸೈಟು ನೋಡಲು ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಹೆಂಡತಿಯ ತಾಯಿ. ಕೊಟ್ಟಿಗೆಯನ್ನು ಬಡಾವಣೆಯ ಕಚೇರಿ ಎಂದುಕೊಂಡು ನನ್ನ ಹತ್ತಿರ ಬಂದರು. ನಾವು ನಾಲ್ವರೂ ನಿಂತು ನೋಡುತ್ತಿರುವಾಗ ಹಳದಿ ಕಾರು ಎರಡು ಸಲ ನಮ್ಮ ಮುಂದೆ ಹಾದು ಹೋಯಿತು, ಮೂರನೇ ಸಲ ನಿಂತಿತು. ಬಾಗಿಲು ತೆಗೆದು ಅಕ್ಕ ಇಳಿದರು, ಹೆಲ್ಮೆಟ್ ತೆಗೆದರು.

“ಎಂಗಿತ್ತಕ್ಕಾ?” ಎಂದರು ಯಜಮಾನರು ಒಳಗಿನಿಂದಲೇ.

“ಒಟ್ಟೆ ಒಂದ್ ಕಡೆ ಓಯ್ತದೆ, ನಾವೊಂದ್ ಕಡೆ ಓಯ್ತೀವಿ. ಅದೇನೋ ಬಿಸಿ ಗಾಳಿ ಬುಡ್ತದಂತಲ್ಲ, ಅದ್ ಯಾಕ್ ಆಕ್ಲಿಲ್ಲ?”

“ಈಗ ಅದು ಬೇಕಾಗಿಲ್ಲಮ್ಮಾ, ಇಂಜಿನ್ ತಣ್ಣಗಿದೆ” ಎಂದೆ.

“ನಿಮ್ಗೆ ಬೇಕಾಗಿಲ್ಲ. ನಂಗೆ ಮಂಡಿ ನೋವು.” ಎಂದು ಮತ್ತೆ ಒಳಗೆ ಕೂತರು.

ಯಜಮಾನರು ಹೀಟರ್ ಹಾಕಿಕೊಂಡು ಇನ್ನೆರಡು ಸುತ್ತು ಹೋದರು. ಸೈಟು ನೋಡಲು ಬಂದ ಹೆಂಗಸಿನ ತಾಯಿ ನನ್ನ ಕಿವಿಯ ಹತ್ತಿರ ಬಂದು, “ಇಲ್ಲಿ ವಯಸ್ಸಾದವರಿಗೆ ಇದು ದಿನಾ ಇರುತ್ತಾ, ಇಲ್ಲ ಭಾನುವಾರ ಮಾತ್ರಾನಾ?” ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ. ಅವರು ಅವತ್ತೇ ಬೋರ್‌ವೆಲ್ ತಿರುವಿನ ಮೂಲೆ ಸೈಟನ್ನು ಒಪ್ಪಿಕೊಂಡರು.

ಯುಗಾದಿಯವರೆಗೆ ನಮ್ಮ ಭಾನುವಾರಗಳು ಹಾಗೇ ನಡೆದವು. ಹುರುಳಿ ಮುಗಿದ ಮೇಲೂ ಅಕ್ಕ ಬಂದು ಕೂರುತ್ತಿದ್ದರು. ಭಾಯ್ ಕೂಡ ಎರಡು ಸಲ ಬಿರಿಯಾನಿ ಡಬ್ಬಿ ಹಿಡಿದು ಬಂದರು. ನನ್ನ ಹೆಂಡತಿ ಒಮ್ಮೆ ಬಂದು, ಹೊರಗೇ ಕುರ್ಚಿ ಹಾಕಿಸಿಕೊಂಡು ಕೂತು, ಎಷ್ಟು ಕರೆದರೂ ಹತ್ತದೆ ಅಕ್ಕನ ಹತ್ತಿರ ಹುರುಳಿ ತೆಗೆದುಕೊಂಡು ಹೋದಳು.

ಆಮೇಲೆ ಆ ಮೂಲೆ ಸೈಟಿನಲ್ಲಿ ಮನೆ ಎದ್ದಿತು. ಮನೆಗೆ ಬಂದ ಮೊದಲ ವಾರವೇ ಅವರು ಯಜಮಾನರಿಗೆ ಒಂದು ಅರ್ಜಿ ಕೊಟ್ಟರು: ರಸ್ತೆಯಲ್ಲಿ ಯಾರೋ ವಿಪರೀತ ವೇಗವಾಗಿ ಕಾರು ಓಡಿಸುತ್ತಾರೆ, ದಯವಿಟ್ಟು ಹಂಪ್ಸ್ ಹಾಕಿಸಬೇಕು. ಅರ್ಜಿಗೆ ತಾಯಿಯ ಸಹಿ ಇರಲಿಲ್ಲ. ಯಜಮಾನರು ಅದನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಾಡಿದರು. ಬಡಾವಣೆ ಮಾಡಿದವನು ತಾನೇ, ಕಾರು ಓಡಿಸಿದವನೂ ತಾನೇ. ಮೂರನೇ ದಿನ ಏಳು ಹಂಪ್ಸ್ ಹಾಕಿಸಿದರು.

ಆ ಕಾರಿನ ಹೊಟ್ಟೆ ಹಂಪ್ಸ್ ದಾಟುವಷ್ಟು ಎತ್ತರವಿಲ್ಲ. ಹಾಗೆಂದು ಅದನ್ನು ಕೊಟ್ಟಿಗೆಯಲ್ಲೇ ಬಿಟ್ಟರೆ ಬ್ಯಾಟರಿ ಸಾಯುತ್ತದೆ. ಆದ್ದರಿಂದ ಈಗಲೂ ವಾರಕ್ಕೊಮ್ಮೆ ಅದನ್ನು ಹೊರಗೆ ತೆಗೆಯುತ್ತೇವೆ. ಯಜಮಾನರು ಒಳಗೆ ಕೂತಿರುತ್ತಾರೆ. ಪ್ರತಿ ಹಂಪ್ಸಿನ ಹತ್ತಿರ ನಾನು, ಅಕ್ಕ ಮತ್ತು ಮೂಲೆ ಮನೆಯ ಆ ತಾಯಿ ಸೇರಿ ಎರಡು ಹಲಗೆಗಳನ್ನು ಚಕ್ರದ ಮುಂದೆ ಇಡುತ್ತೇವೆ, ಕಾರು ಇಂಚಿಂಚಾಗಿ ಹತ್ತಿ ಇಳಿಯುತ್ತದೆ, ಹಲಗೆ ಎತ್ತಿಕೊಂಡು ಮುಂದಿನ ಹಂಪ್ಸಿಗೆ ನಡೆಯುತ್ತೇವೆ. ಒಂದು ಸುತ್ತಿಗೆ ಮುಕ್ಕಾಲು ಗಂಟೆ ಬೇಕು. ಮುಳ್ಳು ನಡುವಿಗಿಂತ ಮೇಲೆ ಏರಿದ್ದೇ ಇಲ್ಲ. ಹೋದ ವಾರ ಅಕ್ಕ ಹಲಗೆಯ ಒಂದು ತುದಿ ಹಿಡಿದುಕೊಂಡು, “ಸ್ವಾಮಿ, ನಾವ್ ಮೂರ್ ಜನ ಬೆವರ್ತಾ ಇದ್ದೀವಿ, ಅವ್ನ್ ನೋಡಿ, ಏಸಿ ಆಕ್ಕೊಂಡ್ ಕುಂತವ್ನೆ” ಎಂದರು.